ನಡೆಮಡಿ

ಯಸಳೂರು
೧೯-೧೧-೧೯೯೮

ಬೀಗರಾದ ನಾಗರತ್ನಮ್ಮನವರಿಗೆ ಸರೋಜಮ್ಮ ಮಾಡುವ ನಮಸ್ಕಾರಗಳು.

ಭಾನುವಾರ ನಿಮ್ಮ ಮನೆಯಿಂದ ಹೊರಟವರು ಸಕಲೇಶಪುರದಲ್ಲಿ ಕೊನೆಯ ಬಸ್ಸು ಹಿಡಿದು ಸುಖವಾಗಿ ಊರು ಸೇರಿದೆವು. ಬಂದಾಗಿನಿಂದ ನಿಶ್ಚಯದ ಊಟದ್ದೇ ಮಾತು. ನನ್ನ ಮಗ ರಾಜಶೇಖರ ನಿಮ್ಮ ಕಾಯಿ ಹೋಳಿಗೆಯನ್ನು ಹೊಗಳಿಕೊಂಡು ನನ್ನ ಅಡುಗೆಗೆ ಹೆಸರಿಡುತ್ತಿದ್ದಾನೆ. ಮದುವೆಗೆ ಮೊದಲೇ ಅಣ್ಣ ಅತ್ತೆ ಮನೆ ಕಡೆ ವಾಲಿಬಿಟ್ಟ ಎಂದು ನನ್ನ ಮಗಳು ಸ್ನೇಹಾ ರೇಗಿಸುತ್ತಾಳೆ. ನಿಮ್ಮ ನೇತ್ರಾವತಿಯಂಥ ಹುಡುಗಿ ನಮ್ಮ ಮನೆಗೆ ಸೊಸೆಯಾಗಿ ಬರುವುದನ್ನು ನೋಡಲು ನಮ್ಮ ಯಜಮಾನರು ಇರಬೇಕಿತ್ತು. ಏನು ಮಾಡುವುದು, ಅವರ ಪಾಲಿಗೆ ಅಷ್ಟೇ ಇತ್ತು.

ಕಾಫಿ ಕೊಯ್ಲು ಈಗಷ್ಟೇ ಶುರುವಾಗಿದೆ. ಇದು ಮುಗಿದು ಕೈ ಬಿಡುವಾದ ಮೇಲೆ ಲಗ್ನಪತ್ರಿಕೆ ಅಚ್ಚಿಗೆ ಕೊಡೋಣ. ಏಪ್ರಿಲ್ ತಿಂಗಳಲ್ಲಿ ಒಳ್ಳೆಯ ಮುಹೂರ್ತಗಳಿವೆ ಎಂದು ಅಯ್ಯನವರು ಹೇಳಿದ್ದಾರಲ್ಲ.

ಇನ್ನೊಂದು ಸಣ್ಣ ಮಾತು. ಅಂದು ಮಠದ ಅಯ್ಯನವರು ಬಂದಾಗ ರಸ್ತೆಯಿಂದ ನಿಮ್ಮ ಜಗಲಿಯವರೆಗೆ ನಡೆಮಡಿ ಹಾಸಿದವರು ನಿಮ್ಮ ಅತ್ತೆ ನಂಜಮ್ಮನವರು. ಅಯ್ಯನವರ ಪಾದ ನೆಲಕ್ಕೆ ತಾಗದ ಹಾಗೆ ಹಿಂದಿನ ಬಟ್ಟೆಯನ್ನು ಎತ್ತಿ ಎತ್ತಿ ಮುಂದಕ್ಕೆ ಹಾಸುತ್ತ ಬರುವುದು ನಮ್ಮ ಕಡೆಯೆಲ್ಲ ಮಡಿವಾಳರ ಕೆಲಸ. ನಿಮ್ಮ ಅತ್ತೆಯವರು ಈ ವಯಸ್ಸಿನಲ್ಲಿ ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಎಂದರೆ ನಾನು ನೋಡುತ್ತ ನಿಂತುಬಿಟ್ಟೆ. ಪ್ರತಿ ಸಲವೂ ಎಡಗಡೆಯಿಂದಲೇ ಸುತ್ತಿ ಬಂದರು. ಹಾಸಿದ ಬಟ್ಟೆಯನ್ನು ಒಮ್ಮೆಯೂ ದಾಟಲಿಲ್ಲ, ಅಯ್ಯನವರಿಗೆ ಬೆನ್ನು ತೋರಿಸಲಿಲ್ಲ. ಎಲ್ಲಿ ಕಲಿತಿರಿ ಎಂದು ಕೇಳಬೇಕೆಂದಿದ್ದೆ. ನಾಲ್ಕು ಜನರ ಮುಂದೆ ಬೇಡವೆಂದು ಸುಮ್ಮನಾದೆ.

ಉತ್ತರವನ್ನು ಪತ್ರದಲ್ಲಿಯೇ ಬರೆಯಿರಿ. ಫೋನ್ ಮಾಡಬೇಡಿ. ಇಲ್ಲಿಯ ಬೂತಿನ ಹೆಂಗಸಿಗೆ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು.

ಎಲ್ಲರನ್ನೂ ಕೇಳಿದೆನೆಂದು ಹೇಳಿ.

ನಿಮ್ಮ ಬೀಗತಿ,
ಸರೋಜಮ್ಮ


ಕೆ. ಹೊಸಕೋಟೆ
೩೦-೧೧-೧೯೯೮

ಸರೋಜಮ್ಮನವರಿಗೆ ನಾಗರತ್ನಮ್ಮನ ನಮಸ್ಕಾರ.

ನಿಮ್ಮ ಕಾಗದ ಬಂತು. ಅಂಚೆಯವರ ಗೋಂದಿನ ಮೇಲೆ ಅನ್ನದ ಅಗುಳನ್ನೂ ಹಚ್ಚಿ ಒತ್ತಿದ್ದಿರಿ. ಬಿಡಿಸುವಾಗ ಅಂಚಿನ ಒಂದೆರಡು ಅಕ್ಷರ ಹರಿದವು. ಅಷ್ಟು ಗುಟ್ಟಿನ ವಿಷಯ ಒಳಗೆ ಏನಿದೆಯೋ ಎಂದು ಹೆದರಿಕೊಂಡೇ ಓದಿದೆ. ನೋಡಿದರೆ ನಮ್ಮ ಅತ್ತೆಯವರ ಹೊಗಳಿಕೆ.

ಅಂದು ನಡೆದದ್ದು ಇಷ್ಟೇ. ನಮ್ಮ ಊರಿನ ಮಡಿವಾಳ ಚಲುವಯ್ಯ ಬರುತ್ತೇನೆಂದವನು ಬರಲಿಲ್ಲ. ಅಯ್ಯನವರನ್ನು ಬಿಸಿಲಿನಲ್ಲಿ ರಸ್ತೆಯ ಮೇಲೆ ನಿಲ್ಲಿಸಿಕೊಂಡು ನಾವು ಚಲುವಯ್ಯನಿಗಾಗಿ ಕಾಯುವುದು ಸರಿಯೇ? ಅತ್ತೆಯವರು ಭಕ್ತಿಯಿಂದ ತಾವೇ ಹಾಸಿದರು. ಚಿಕ್ಕಂದಿನಲ್ಲಿ ಯಾರೋ ಹಾಸುವುದನ್ನು ನೋಡಿದ್ದರಂತೆ. ಲಿಂಗ ಕಟ್ಟಿದವರಲ್ಲಿ ಮೇಲು ಕೀಳು ಇಲ್ಲ, ಯಾವ ಕಾಯಕವೂ ಹೀನವಲ್ಲ ಎಂದು ಅಯ್ಯನವರು ಅಂದೇ ಪ್ರವಚನದಲ್ಲಿ ಹೇಳಿದರು. ನೀವು ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸಿದ್ದನ್ನು ನಾನು ನೋಡಿದೆ.

ನೀವು ತುಂಬ ಸೂಕ್ಷ್ಮ ಕಣ್ಣಿನವರು. ನಾನು ಅದೇ ಮನೆಯವಳಾಗಿ ಅದೇ ಅಂಗಳದಲ್ಲಿ ನಿಂತಿದ್ದೆ. ಎಡಗಡೆಯಿಂದ ಬಂದರೋ ಬಲಗಡೆಯಿಂದ ಬಂದರೋ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಿಮಗೆ ಹೇಗೆ ಕಂಡಿತೋ.

ನೀವು ಒಂದು ಕೇಳಿದಿರಿ, ನಾನೂ ಒಂದು ಕೇಳುತ್ತೇನೆ. ತಪ್ಪು ತಿಳಿಯಬೇಡಿ. ನಿಶ್ಚಯಕ್ಕೆ ನಿಮ್ಮ ಕಡೆಯಿಂದ ಬಂದವರೆಲ್ಲ ಯಸಳೂರಿನ ನೆರೆಹೊರೆಯವರು. ನಿಮ್ಮ ಯಜಮಾನರ ಅಣ್ಣತಮ್ಮಂದಿರು, ದಾಯಾದಿಗಳು, ಒಬ್ಬ ಸೋದರತ್ತೆ, ಯಾರೂ ಕಾಣಲಿಲ್ಲ. ಅವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಆಮೇಲೆ ಸ್ವಂತ ತೋಟ ಮಾಡಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಹಿಂದಿನದನ್ನು ಯಾರೂ ಹೇಳುವುದಿಲ್ಲ. ಅವರ ಹುಟ್ಟೂರು ಯಾವುದು? ವಂಶದ ಬೆಡಗು ಯಾವುದು? ಲಗ್ನಪತ್ರಿಕೆಯಲ್ಲಿ ಊರಿನ ಹೆಸರು ಹಾಕಬೇಕಲ್ಲ, ಅದಕ್ಕೆ ಕೇಳಿದೆ.

ನಮ್ಮ ಯಜಮಾನರು ಶಾಂತಮಲ್ಲಪ್ಪನವರು ಮದುವೆಯ ಜವಳಿಯನ್ನು ನಮ್ಮ ಅಂಗಡಿಯಿಂದಲೇ ಕೊಡುತ್ತೇವೆ ಎಂದು ತಿಳಿಸಲು ಹೇಳಿದ್ದಾರೆ.

ಇಂತು,
ನಾಗರತ್ನಮ್ಮ


ಯಸಳೂರು
೧೪-೧೨-೧೯೯೮

ನಾಗರತ್ನಮ್ಮನವರಿಗೆ ನಮಸ್ಕಾರ.

ನಮ್ಮ ಯಜಮಾನರದು ಮೈಸೂರು ಕಡೆ. ಬಂಧುಗಳು ದೂರವಾದರು, ಹೋಗಿ ಬರುವುದು ನಿಂತುಹೋಯಿತು. ಇದರಲ್ಲಿ ಬಚ್ಚಿಡುವಂಥದ್ದೇನಿಲ್ಲ.

ಕಳೆದ ವಾರ ಆಲೂರಿನ ಸಂತೆಗೆ ಬಂದಿದ್ದೆ. ಅಲ್ಲಿ ನಿಮ್ಮ ಊರಿನ ಚಲುವಯ್ಯ ಸಿಕ್ಕಿದ. ನಾನು ಹುಡುಕಿಕೊಂಡು ಹೋಗಲಿಲ್ಲ, ತಾನಾಗಿಯೇ ಸಿಕ್ಕಿದ. ನಿಶ್ಚಯದ ದಿನ ಯಾಕಪ್ಪ ಬರಲಿಲ್ಲ ಎಂದೆ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಾನು ಬಂದಿದ್ದೆ ಕಣವ್ವ. ಮಂಡಿ ನೋವು, ಬಗ್ಗಕ್ಕೆ ಆಗ್ತಿರ್ಲಿಲ್ಲ. ನಂಜಮ್ಮಾರು ನೋಡ್ಬುಟ್ಟು, ನೀ ಆ ಕಡೆ ಕೂತ್ಕೊಳ್ಳೋ ಚಲುವ ಅಂತ ನನ್ನ ಹೆಗಲ ಮ್ಯಾಲಿದ್ದ ಮಡಿ ಇಸ್ಕೊಂಡ್ರು. ಊಟ ಮಾಡ್ಕೊಂಡೇ ಹೋದೆ."

ಅವನು ಬರಲೇ ಇಲ್ಲ ಎಂದು ನೀವು ಬರೆದಿದ್ದೀರಿ. ಊಟ ಮಾಡಿ ಹೋದವನನ್ನು ಬರಲಿಲ್ಲ ಎಂದು ಯಾಕೆ ಬರೆದಿರಿ? ಚಿಕ್ಕ ವಿಷಯಕ್ಕೆ ಸುಳ್ಳು ಹೇಳುವವರು ದೊಡ್ಡ ವಿಷಯಕ್ಕೆ ಏನು ಹೇಳುತ್ತಾರೋ ಎಂದು ನನಗೆ ದಿಗಿಲಾಗಿದೆ.

ನದಿ ಮೂಲ, ಋಷಿ ಮೂಲ ಕೇಳಬಾರದಂತೆ. ಬೀಗರ ಮೂಲ ಕೇಳಬಾರದು ಎಂದು ಯಾರೂ ಹೇಳಿಲ್ಲ. ಲಿಂಗಾಯತರು ಎಂದರೆ ಮೊದಲು ಸಾಕಾಗುತ್ತಿತ್ತು. ಈಗ ಯಾವ ಲಿಂಗಾಯತರು ಎಂದು ಕೇಳುತ್ತಾರೆ. ಗೌಡರೋ, ಬಣಜಿಗರೋ, ಗಾಣಿಗರೋ, ಅಥವಾ ಬೇರೆಯೋ. ಪ್ರವಚನಕ್ಕೆ ತಲೆ ಆಡಿಸುವುದು ಬೇರೆ, ಮನೆಗೆ ಹೆಣ್ಣು ತರುವುದು ಬೇರೆ. ನಿಮಗೂ ಇದು ಗೊತ್ತು.

ನಾನು ಇದನ್ನೆಲ್ಲ ನನಗಾಗಿ ಕೇಳುತ್ತಿಲ್ಲ. ಸ್ನೇಹಾಳಿಗೂ ಗಂಡು ನೋಡುತ್ತಿದ್ದೇನೆ. ಅಣ್ಣ ಎಲ್ಲಿಂದ ಹೆಣ್ಣು ತಂದ ಎಂದು ನೋಡಿಯೇ ತಂಗಿಯನ್ನು ಕೇಳುತ್ತಾರೆ. ನಿಮ್ಮ ಅತ್ತೆಯವರ ತವರು ಯಾವುದು, ಅವರ ತಂದೆ ಏನು ಮಾಡುತ್ತಿದ್ದರು, ಇವೆರಡನ್ನು ಬರೆದು ತಿಳಿಸಿ. ಅಲ್ಲಿಯತನಕ ಲಗ್ನಪತ್ರಿಕೆ ಅಚ್ಚಿಗೆ ಕೊಡುವುದಿಲ್ಲ.

ಸರೋಜಮ್ಮ


ಕೆ. ಹೊಸಕೋಟೆ
೨೦-೧೨-೧೯೯೮

ಚಿ. ನೇತ್ರಾವತಿಗೆ ಅವ್ವ ಮಾಡುವ ಆಶೀರ್ವಾದ.

ಆನೇಮಹಲಿನಲ್ಲಿ ಚಳಿ ಜಾಸ್ತಿ ಎಂದು ಬರೆದಿದ್ದೆ. ನಿನ್ನ ಶಾಲೆಗೆ ಕ್ರಿಸ್‌ಮಸ್ ರಜೆ ಕೊಟ್ಟರೂ ಈಗ ಊರಿಗೆ ಬರಬೇಡ. ಯಾಕೆ ಎಂದು ಹೇಳುತ್ತೇನೆ, ಓದಿದ ಮೇಲೆ ಈ ಕಾಗದವನ್ನು ನಿನ್ನ ಜೊತೆಯ ಟೀಚರಿಗೆ ಸಿಗುವ ಹಾಗೆ ಇಡಬೇಡ.

ಯಸಳೂರಿನ ಸರೋಜಮ್ಮ ನಮ್ಮ ಬೆನ್ನಿಗೆ ಬಿದ್ದಿದ್ದಾಳೆ. ಅಜ್ಜಿ ಮಡಿ ಹಾಸುವಾಗ ಎಡಗಡೆಯಿಂದ ಸುತ್ತಿದಳಂತೆ, ಬಟ್ಟೆ ದಾಟಲಿಲ್ಲವಂತೆ, ಎಲ್ಲಿ ಕಲಿತಳು ಎಂದು ಕೇಳಿದ್ದಾಳೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆ ಹೆಂಗಸಿನ ಮಾತು. ಚಲುವಯ್ಯನನ್ನು ಸಂತೆಯಲ್ಲಿ ಹಿಡಿದು ಬಾಯಿ ಬಿಡಿಸಿದ್ದಾಳೆ. ನಿಮ್ಮಪ್ಪ ಅವನಿಗೊಂದು ಹೊಸ ಪಂಚೆ ಕೊಟ್ಟು, ಇನ್ನು ಯಾರು ಕೇಳಿದರೂ ಮಾತಾಡಬೇಡ ಎಂದಿದ್ದಾರೆ. ಆದರೆ ಆಡಿದ ಮಾತು ಆಗಲೇ ಯಸಳೂರು ಸೇರಿದೆ. ಈಗ ಅಂಗಡಿಗೆ ಗುರುತಿಲ್ಲದವರು ಯಾರು ಬಂದರೂ ನಿಮ್ಮಪ್ಪನಿಗೆ ಅನುಮಾನ. ಮೊನ್ನೆ ಯಾರೋ ಟವೆಲ್ ಕೊಳ್ಳಲು ಬಂದವನನ್ನು ನಿಮ್ಮದು ಯಾವೂರು, ಯಾರ ಕಡೆಯವರು ಎಂದು ಕೇಳಿ ಕೇಳಿ ಅವನು ಟವೆಲ್ ಬಿಟ್ಟು ಹೋದ.

ಅಜ್ಜಿಯನ್ನು ಆಲೂರಿನ ಕಮಲತ್ತೆ ಮನೆಗೆ ಕಳಿಸಿದ್ದೇವೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಹೋಗಿದ್ದಾರೆ ಎಂದು ಊರಿನಲ್ಲಿ ಹೇಳಿದ್ದೇವೆ. ಮದುವೆ ಮುಗಿಯುವ ತನಕ ಮಗಳ ಮನೆಯಲ್ಲೇ ಇರಲಿ. ಅವಳ ಕೈ ಸುಮ್ಮನಿರುವುದಿಲ್ಲ, ಬಾಯಿಯೂ ಸುಮ್ಮನಿರುವುದಿಲ್ಲ. ನೀನು ಯಾರಾದರೂ ಕೇಳಿದರೆ ಅಜ್ಜಿ ಅರಸೀಕೆರೆ ಕಡೆಯವಳು, ಅವರಪ್ಪ ಬೇಸಾಯಗಾರ ಎಂದಷ್ಟೇ ಹೇಳು. ಜಾಸ್ತಿ ಹೇಳಬೇಡ.

ರಾಜಶೇಖರ್ ಆನೇಮಹಲಿಗೆ ಬಂದರೆ ಅವನ ಬಾಯಿಂದ ಅವರ ಮನೆಯ ಮಾತು ತೆಗೆ. ನೀನು ಬಾಯಿ ಬಿಡಬೇಡ. ಅವನ ತಾಯಿಯೇ ಕಳಿಸಿದ್ದರೂ ಕಳಿಸಿರಬಹುದು. ಆ ಮನೆಯಲ್ಲಿ ಏನೋ ಇದೆ ಕಣೆ. ಗಂಡನ ಊರು ಕೇಳಿದರೆ ಮೈಸೂರು ಕಡೆ ಎನ್ನುತ್ತಾಳೆ. ಮೈಸೂರು ಕಡೆ ಎಂದರೆ ಊರು ಎಷ್ಟು?

ಈ ಸಂಬಂಧ ತಪ್ಪಿದರೆ ನಿನಗೆ ಇನ್ನೊಂದು ಹುಡುಕುವುದು ಸುಲಭವಲ್ಲ. ತಪ್ಪಿದ್ದು ಯಾಕೆ ಎಂದು ಜನ ಮೊದಲು ಕೇಳುತ್ತಾರೆ. ಜೋಪಾನ.

ನಿನ್ನ ಅವ್ವ,
ನಾಗರತ್ನಮ್ಮ


ಆನೇಮಹಲ್
೨೮-೧೨-೧೯೯೮

ಅವ್ವನಿಗೆ ನೇತ್ರಾವತಿಯ ನಮಸ್ಕಾರ.

ರಾಜಶೇಖರ್ ಬಂದಿದ್ದರು. ತೋಟದ ಕಿತ್ತಳೆ ತಂದಿದ್ದರು. ನೀನು ಹೇಳಿದಂತೆ ಅವರ ಬಾಯಿಂದ ಮಾತು ತೆಗೆಯಲು ಹೋದೆ, ತೆಗೆಯುವಂಥದ್ದು ಒಳಗೆ ಏನೂ ಇರಲಿಲ್ಲ. ಅವರಿಗೆ ಮೆಣಸಿನ ರೇಟಿನ ಚಿಂತೆ, ಅದು ಬಿಟ್ಟರೆ ಧಾರೆ ಸೀರೆಗೆ ನನಗೆ ಯಾವ ಬಣ್ಣ ಬೇಕು ಎಂಬ ಚಿಂತೆ. ಅವರು ನನಗೆ ಇಷ್ಟವಾಗಿದ್ದಾರೆ ಅವ್ವ. ಇದನ್ನು ಬರೆಯುವುದಕ್ಕೆ ನನಗೆ ನಾಚಿಕೆಯಿಲ್ಲ.

ನಿನ್ನೆ ಭಾನುವಾರ ಆಲೂರಿಗೆ ಹೋಗಿ ಅಜ್ಜಿಯನ್ನು ನೋಡಿಕೊಂಡು ಬಂದೆ. ಅಜ್ಜಿಯ ಕಣ್ಣು ಚೆನ್ನಾಗಿಯೇ ಇದೆ. ಕಮಲತ್ತೆ ಅವಳನ್ನು ಬೀದಿ ಬಾಗಿಲಿಗೆ ಬಿಡುವುದಿಲ್ಲ, ಹಿತ್ತಿಲಿನಲ್ಲಿ ಕೂರಿಸಿರುತ್ತಾರೆ. ನಾನು ಏನು ತಪ್ಪು ಮಾಡಿದೆ ಎಂದು ನನ್ನನ್ನು ಕೇಳಿದಳು. ನೀನೇ ಹೇಳು ಅಜ್ಜಿ, ನಾವು ಯಾರು ಎಂದೆ.

"ನಾವು ಬಾಣಾವರದ ಕಡೆ ಮಡಿವಾಳ್ರು ಕಣವ್ವ. ಲಿಂಗ ಕಟ್ಟಿರೋ ಮಡಿವಾಳ್ರು. ನಿಮ್ಮಪ್ಪ ಈ ಸೀಮೆಗೆ ಬಂದು ಅಂಗಡಿ ಇಟ್ಟಾಗ, ಅವ್ವ, ಇನ್ಮ್ಯಾಲೆ ಆ ಮಾತು ಎತ್ಬ್ಯಾಡ ಅಂದ. ನಾನು ಎತ್ತಲಿಲ್ಲ. ನಿಮ್ಮವ್ವನೂ ನಮ್ಮ ಪೈಕಿನೇ, ಅವಳೂ ಎತ್ತಲಿಲ್ಲ."

ಇಷ್ಟು ವರ್ಷ ನನಗೆ ನೀವ್ಯಾರೂ ಹೇಳಲಿಲ್ಲ. ಅದರ ಜಗಳ ಆಮೇಲೆ ಆಡೋಣ. ಹಾಗಾದರೆ ಅವತ್ತು ಯಾಕೆ ಹಾಸಿದೆ ಎಂದು ಅಜ್ಜಿಯನ್ನು ಕೇಳಿದೆ. "ಚಲುವಂಗೆ ಮಂಡಿ ಬಗ್ಗಲ್ಲ. ಅಯ್ಯನವ್ರು ಬಿಸ್ಲಾಗೆ ನಿಂತವ್ರೆ. ನಾನೇನು ಕೈ ಕಟ್ಕೊಂಡು ನೋಡ್ಲಾ?" ಎಂದಳು.

ಆಮೇಲೆ ಸರೋಜಮ್ಮನವರು ಏನೇನು ಗಮನಿಸಿದ್ದರು ಎಂಬುದನ್ನು ಹೇಳಿದೆ. ಅಜ್ಜಿ ಕೂತಲ್ಲಿಂದ ಎದ್ದು ನಿಂತಳು. "ಎಡಗಡೆ ಅಂತ ಬರೆದವ್ಳಾ? ಬ್ಯಾರೆಯೋರು ಅಯ್ಯನವ್ರ ಮಖ ನೋಡ್ತಾರೆ, ಇಲ್ಲ ಪಾದ ನೋಡ್ತಾರೆ. ಬಟ್ಟೆ ಹಾಸೋಳು ಯಾವ ಕಡೆಯಿಂದ ಸುತ್ತುದ್ಲು ಅಂತ ಯಾರು ನೋಡ್ತಾರವ್ವ? ಎಡಗಡೆ ಸುತ್ತೋದು ನಮ್ಮ ಬಾಣಾವರದ ಕಡೆಯೋರು ಮಾತ್ರ, ಮಿಕ್ಕೋರೆಲ್ಲ ಬಲಗಡೆ. ಅವಳು ನಮ್ಮೋಳು ಕಣೆ." ಅಜ್ಜಿ ನಕ್ಕಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಈ ಕಡೆ ಬಂದಮೇಲೆ ತನ್ನವರು ಎನ್ನುವವರು ಒಬ್ಬರೂ ಸಿಕ್ಕಿರಲಿಲ್ಲವಂತೆ. ಚಲುವಯ್ಯ ಇದ್ದಾನಲ್ಲ ಎಂದೆ. "ಅವನು ಲಿಂಗ ಕಟ್ಟಿದೋನಲ್ಲ, ಅವರು ಬ್ಯಾರೆ" ಎಂದಳು. ಅಜ್ಜಿಯ ಒಳಗೂ ಒಂದು ಗೆರೆ ಇದೆ.

ಅಜ್ಜಿ ಹೇಳುವುದು ನಿಜವಾದರೆ ಇನ್ನೇನು ಅಡ್ಡಿ ಅವ್ವ? ಎರಡೂ ಮನೆ ಒಂದೇ. ಎದುರು ಕೂತು ಹೇಳಿಬಿಟ್ಟರೆ ಮುಗಿಯಿತು. ಅಜ್ಜಿ ಅವರಿಗೆ ಪತ್ರ ಬರೆಸುತ್ತೇನೆ ಎನ್ನುತ್ತಿದ್ದಾಳೆ. ನಾನು ಬರೆದುಕೊಡುತ್ತೇನೆ. ಬೇಡ ಎನ್ನಬೇಡ.

ನಿನ್ನ
ನೇತ್ರಾವತಿ


ಆಲೂರು
೩-೧-೧೯೯೯

ಯಸಳೂರು ಸರೋಜಮ್ಮಂಗೆ ಹೊಸಕೋಟೆ ನಂಜಮ್ಮ ಹೇಳಿ ಬರೆಸೋದು. ಬರೀತಿರೋಳು ನಿನ್ನ ಸೊಸೆ ಆಗೋಳು. ನಾನು ಅಂದಂಗೇ ಬರಿ, ಪುಸ್ತಕದ ಮಾತು ಸೇರಿಸ್ಬ್ಯಾಡ ಅಂದಿದೀನಿ.

ಮಗ ಸರೋಜ, ನೀನು ಕೇಳಿದ್ದು ನನ್ನ ತವರು ಯಾವುದು ಅಂತ ಅಲ್ವಾ. ನನ್ನ ತವರು ಬಾಣಾವರದ ಮಗ್ಗುಲು. ನಮ್ಮಪ್ಪ ಊರ ಬಟ್ಟೆ ಒಗೀತಿದ್ದ. ಮದುವೆ ಮನೇಲಿ, ದೇವರ ಮುಂದೆ, ಅಯ್ಯನವ್ರ ಮುಂದೆ ಮಡಿ ಹಾಸ್ತಿದ್ದ. ಅವನಿಗೆ ಸೊಂಟ ಬಿದ್ದೋದಾಗ ನಾನು ಹಾಸ್ತಿದ್ದೆ. ನಿಂಗೆ ಗೊತ್ತಿರೋದನ್ನೇ ಹೇಳ್ತಾ ಇದೀನಿ. ನಿನ್ನ ಕಣ್ಣು ನೋಡ್ದಾಗ ಅವತ್ತೇ ಏನೋ ಅನಿಸ್ತು. ಹೆಣ್ಣಿನ ಕಡೆ ನೋಡೋದು ಬಿಟ್ಟು ನನ್ನ ಕಾಲೇ ನೋಡ್ತಿದ್ದೆ ನೀನು.

ನೀನು ಕೆರೆ ಏರಿ ಕೆಳಗಿನ ಗೌರಮ್ಮನ ಮಗಳಾ? ಅವಳ ಗಲ್ಲ ಅಂಗೇ ಐತೆ ನಿಂಗೆ. ಗೌರನೂ ನಾನೂ ಒಂದೇ ಕಲ್ಲಿನ ಮ್ಯಾಲೆ ಬಟ್ಟೆ ಒಗೆದೋರು. ಅವಳು ಹಾಡು ಹೇಳ್ತಿದ್ಲು, ನಾನು ಬೈತಿದ್ದೆ, ಬಾಯಿ ಮುಚ್ಕೊಂಡು ಒಗಿಯೇ ಅಂತ.

ನೀನು ಹೆದರ್ಕೋಬ್ಯಾಡ. ನಾನು ಯಾರ ಮುಂದೂ ಹೇಳಲ್ಲ. ನನ್ನ ಮಗನ ಅಂಗಡಿಗೆ ಬಂದೋರ ಮುಂದೆ ಇಷ್ಟು ವರ್ಷ ಹೇಳಿಲ್ಲ, ನಿನ್ನ ತೋಟಕ್ಕೆ ಬಂದೋರ ಮುಂದೆ ಹೇಳ್ತೀನಾ? ಮಕ್ಕಳ ಮದುವೆ ಮಾಡಾನ. ನಮ್ಮಲ್ಲೇ ಆಯ್ತು, ಎಲ್ಲಿಗೂ ಕೈ ಚಾಚಂಗಿಲ್ಲ. ಒಳ್ಳೇದಲ್ವಾ.

ಒಂದು ದಿನ ಬಂದು ನನ್ನ ಮುಂದೆ ಕೂತ್ಕೊ. ನಮ್ಮೂರ ಮಾತು ಆಡಾನ. ಈ ಮನೇಲಿ ನಾನು ಬಾಯಿ ತೆಗುದ್ರೆ ಎಲ್ರೂ ಬಾಗ್ಲು ಹಾಕ್ತಾರೆ.

ನಂಜಮ್ಮ
(ಹೆಬ್ಬೆಟ್ಟಿನ ಗುರುತು)


ಯಸಳೂರು
೨೫-೧-೧೯೯೯

ಶ್ರೀಮತಿ ನಾಗರತ್ನಮ್ಮನವರಿಗೆ,

ನಿಮ್ಮ ಅತ್ತೆಯವರು ನನ್ನನ್ನು ಯಾರೋ ಎಂದುಕೊಂಡು ಏನೇನೋ ಬರೆಸಿದ್ದಾರೆ. ವಯಸ್ಸಾದವರು, ಅರಳುಮರಳು ಇರಬೇಕು. ಅವರು ಹೇಳುವ ಊರನ್ನು ನಾನು ಕಂಡೂ ಇಲ್ಲ, ಕೇಳಿಯೂ ಇಲ್ಲ. ಆ ಕಾಗದವನ್ನು ಅಂದೇ ಹರಿದು ಒಲೆಗೆ ಹಾಕಿದೆ. ಇನ್ನು ಮುಂದೆ ಇಂಥ ಕಾಗದ ಬಂದರೆ ತಿರುಗಿ ಕಳಿಸುತ್ತೇನೆ.

ಆದರೆ ಅವರು ತಮ್ಮ ಬಗ್ಗೆ ಹೇಳಿಕೊಂಡಿದ್ದು ಸಾಕು. ನನ್ನ ಅನುಮಾನ ಸುಳ್ಳಾಗಲಿಲ್ಲ. ನಮ್ಮ ಮನೆತನವೇ ಬೇರೆ, ನಿಮ್ಮದೇ ಬೇರೆ. ಎಲ್ಲವನ್ನೂ ಬಚ್ಚಿಟ್ಟು ನಿಶ್ಚಯ ಮಾಡಿಕೊಂಡಿದ್ದು ನಿಮ್ಮ ತಪ್ಪು. ಈ ಸಂಬಂಧ ಇಲ್ಲಿಗೆ ಮುಗಿಯಿತು. ನಿಶ್ಚಯದ ಸೀರೆ, ಉಂಗುರವನ್ನು ಸಕಲೇಶಪುರದ ಬಸ್ಸಿನಲ್ಲಿ ಕಳಿಸಿದರೆ ಸಾಕು, ತರುವುದಕ್ಕೆ ಯಾರೂ ಬರಬೇಕಿಲ್ಲ.

ರಾಜಶೇಖರನಿಗೆ ಏನು ಹೇಳಬೇಕೋ ನಾನು ಹೇಳಿಕೊಳ್ಳುತ್ತೇನೆ. ನಿಮ್ಮ ಮಗಳು ಅವನಿಗೆ ಪತ್ರ ಬರೆಯದಿರಲಿ.

ಸರೋಜಮ್ಮ


ಕೆ. ಹೊಸಕೋಟೆ
೨-೨-೧೯೯೯

ಸರೋಜಮ್ಮನವರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಿಮ್ಮ ಕಾಗದ ಓದಿ ನನಗೆ ಈ ಗಾದೆ ನೆನಪಾಯಿತು.

ನಾವೂ ವಿಚಾರಿಸಿದ್ದೇವೆ. ಎಡಗಡೆ ಬಲಗಡೆಯ ಲೆಕ್ಕ ಯಾರಿಗೆ ಗೊತ್ತಿರುತ್ತದೆ ಎಂಬುದು ನಮಗೂ ತಿಳಿಯುತ್ತದೆ. ನೀವು ಬೇಡ ಎನ್ನುವ ಮೊದಲೇ ನಾವು ಬೇಡ ಎನ್ನುವವರಿದ್ದೆವು. ಊರ ಬಟ್ಟೆ ಒಗೆದವರ ಮನೆಗೆ ಹೆಣ್ಣು ಕೊಡುವಂಥ ಗತಿ ನಮ್ಮ ಯಜಮಾನರಿಗೆ ಬಂದಿಲ್ಲ. ಅತ್ತೆಯವರ ಮಾತನ್ನು ಹಿಡಿದುಕೊಂಡು ನೀವು ಹೊರಗೆ ಏನಾದರೂ ಆಡಿದರೆ, ಆಡುವುದಕ್ಕೆ ನಮಗೂ ಬಾಯಿ ಇದೆ. ಆಮೇಲೆ ನಿಮ್ಮ ಮಗಳನ್ನು ಯಾರು ಕೇಳುತ್ತಾರೋ ನೋಡೋಣ.

ಉಂಗುರ ಈ ವಾರ ಬರುತ್ತದೆ. ಸೀರೆ ಹುಡುಗಿಯ ಹತ್ತಿರ ಇದೆ, ಅವಳು ಕೊಟ್ಟ ಮೇಲೆ ಕಳಿಸುತ್ತೇವೆ.

ನಾಗರತ್ನಮ್ಮ


೨೬-೨-೧೯೯೯

ನಂಜಮ್ಮನವರಿಗೆ,

ಈ ಕಾಗದಕ್ಕೆ ನೇತ್ರಾವತಿಯ ಶಾಲೆಯ ವಿಳಾಸ ಬರೆದು ಸಕಲೇಶಪುರದ ಡಬ್ಬಿಗೆ ಹಾಕುತ್ತಿದ್ದೇನೆ. ಯಸಳೂರಿನ ಮೊಹರು ಬಿದ್ದರೆ ಯಾರಾದರೂ ನೋಡುತ್ತಾರೆ. ಬರೆಯಬಾರದೆಂದು ಒಂದು ತಿಂಗಳು ತಡೆದುಕೊಂಡೆ, ಆಗಲಿಲ್ಲ.

ನಾನು ಗೌರಮ್ಮನ ಮಗಳಲ್ಲ, ಅವಳ ತಂಗಿಯ ಮಗಳು. ಆದರೆ ನನ್ನನ್ನು ಸಾಕಿದವಳು ಅವಳೇ. ನಿಮ್ಮ ಅಂಗಳದಲ್ಲಿ ನೀವು ಬಟ್ಟೆ ಎತ್ತಿ ಸುತ್ತಿ ಬಂದಾಗ ದೊಡ್ಡವ್ವನೇ ಬಂದಳೇನೋ ಎನಿಸಿತು. ಮೊದಲು ಸಂತೋಷವಾಯಿತು, ಆಮೇಲೆ ಹೆದರಿಕೆಯಾಯಿತು. ನಿಮ್ಮ ಮನೆ ನಮಗಿಂತ ಮೇಲು ಎಂದು ತಿಳಿದು ನಾನು ಈ ಸಂಬಂಧ ಕುದುರಿಸಿದ್ದೆ.

ನಮ್ಮ ಯಜಮಾನರು ಎಸ್ಟೇಟಿಗೆ ಸೇರುವಾಗ ಯಾರೋ ಕೇಳಿದ್ದಕ್ಕೆ ಗೌಡ ಲಿಂಗಾಯತರು ಎಂದುಬಿಟ್ಟರು. ಒಂದು ಸಲ ಹೇಳಿದ್ದನ್ನು ಆಮೇಲೆ ದಿನವೂ ಹೇಳಬೇಕಾಯಿತು. ಊರಿಗೆ ಹೋಗುವುದನ್ನು ಬಿಟ್ಟೆವು, ಊರಿನವರು ಬರುವುದನ್ನೂ ಬಿಡಿಸಿದೆವು. ನನ್ನ ಮಕ್ಕಳಿಬ್ಬರಿಗೂ ಗೊತ್ತಿಲ್ಲ. ಸ್ನೇಹಾಳನ್ನು ನೋಡಲು ದೊಡ್ಡ ತೋಟದವರು ಬರುತ್ತಿದ್ದಾರೆ. ನಮ್ಮ ಎರಡು ಮನೆ ಸೇರಿದರೆ ನಿಮ್ಮ ದಾರ ಹಿಡಿದು ಎಳೆದವರಿಗೆ ನಮ್ಮ ಗಂಟೂ ಬಿಚ್ಚುತ್ತದೆ. ನನಗೆ ಧೈರ್ಯವಿಲ್ಲ.

ನಿಮಗೆ ಓದು ಬರುವುದಿಲ್ಲ, ಇದನ್ನು ಓದುತ್ತಿರುವವಳು ನೇತ್ರಾವತಿಯೇ ಎಂದು ನನಗೆ ಗೊತ್ತು. ಮಗಳೇ, ಇದನ್ನು ಅಜ್ಜಿಗೆ ಓದಿ ಹೇಳಬೇಡ. ಅವರು ಅಂದುಕೊಂಡಿದ್ದು ತಪ್ಪು, ಆ ಹೆಂಗಸು ನಮ್ಮವಳಲ್ಲ ಎಂದಷ್ಟೇ ಹೇಳು. ಓದಿ ಒಲೆಗೆ ಹಾಕು. ರಾಜಶೇಖರನಿಗೆ ಏನನ್ನೂ ತಿಳಿಸಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ಹೆಸರು ಹಾಕುವುದಿಲ್ಲ.


ಕೆ. ಹೊಸಕೋಟೆ
೧೪-೩-೧೯೯೯

ಸರೋಜಮ್ಮನವರಿಗೆ ನಮಸ್ಕಾರ.

ಒಂದು ಕಾರ್ಡಿನಲ್ಲಿ ಬರೆದುಬಿಡೋಣ ಎನಿಸಿತ್ತು. ನಿಮ್ಮ ಹೆದರಿಕೆ ನೆನೆದು ಕವರಿನಲ್ಲಿ ಹಾಕಿದ್ದೇನೆ.

ನಿಮ್ಮ ಪತ್ರವನ್ನು ಒಲೆಗೆ ಹಾಕಿದೆ. ಹಾಕುವ ಮೊದಲು ಅಜ್ಜಿಗೆ ಪೂರ್ತಿ ಓದಿ ಹೇಳಿದೆ. ನೀವು ಬೇಡ ಎಂದಿದ್ದಿರಿ. ಅಜ್ಜಿಗೆ ಅಷ್ಟು ದಿನಕ್ಕೆ ಸಿಕ್ಕ ಒಬ್ಬಳನ್ನು ಇಲ್ಲ ಎಂದು ಹೇಳುವುದು ನನ್ನಿಂದ ಆಗಲಿಲ್ಲ. ದೊಡ್ಡವ್ವ ಎಂದು ಬರೆದಿದ್ದ ಕಡೆ ಇನ್ನೊಂದು ಸಲ ಓದಿಸಿದಳು. ಗೌರಮ್ಮ ಈಗ ಇದ್ದಾಳಾ ಎಂದು ಕೇಳಿದಳು. ನೀವು ಅದನ್ನು ಬರೆದಿರಲಿಲ್ಲ. ಅದೊಂದನ್ನು ತಿಳಿಸಿ.

ಅಜ್ಜಿ ನಿಮಗೆ ಹೇಳಲು ಹೇಳಿದ್ದು ಇಷ್ಟು. "ನಮ್ಮೋಳಲ್ಲ ಅಂತ ಅವಳು ಹೇಳ್ಕೊಂಡ್ರೆ ಹೇಳ್ಕೊಳ್ಳಿ ಬುಡು. ಕೇಳಿದವ್ರಿಗೆ ನಾನೂ ಅಂಗೇ ಹೇಳ್ತೀನಿ. ಅವಳ ಮಗಳ ಮದುವೆ ಚೆಂದಾಗಿ ಆಗ್ಲಿ."

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅವ್ವನ ಮೇಲೂ ಸಿಟ್ಟಿದೆ. ಅಜ್ಜಿಯನ್ನು ನಾನೇ ಹೋಗಿ ಆಲೂರಿನಿಂದ ಕರೆದುಕೊಂಡು ಬಂದೆ, ಈಗ ಬೀದಿ ಬಾಗಿಲಿನಲ್ಲಿ ಕೂರುತ್ತಾಳೆ. ಇನ್ನು ನನ್ನನ್ನು ಯಾರು ನೋಡಲು ಬಂದರೂ ಕಾಫಿ ಕೊಡುವ ಮೊದಲೇ ನಮ್ಮ ಕುಲ ಹೇಳುತ್ತೇನೆ ಎಂದಿದ್ದಕ್ಕೆ ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಪ್ಪ ಅಂಗಡಿಯಿಂದ ತಡವಾಗಿ ಬರುತ್ತಾರೆ.

ನಿಮಗೆ ತಿಳಿಸಬೇಕಾದದ್ದು ಇನ್ನೊಂದಿದೆ. ಹೋದ ಶನಿವಾರ ರಾಜಶೇಖರ್ ಆನೇಮಹಲಿಗೆ ಬಂದಿದ್ದರು. ಶಾಲೆ ಬಿಡುವ ತನಕ ಬಸ್ಸು ನಿಲ್ಲುವ ಕಡೆ ಕಾದಿದ್ದರು. "ನಮ್ಮವ್ವ ನಿಮ್ಮ ಮನೆತನ ಸರಿಯಿಲ್ಲ ಅಂತಾರೆ. ಏನು ಅಂತ ಕೇಳಿದ್ರೆ ಹೇಳಲ್ಲ. ನೀವಾದ್ರೂ ಹೇಳಿ, ಏನಿದ್ರೂ ನಾನು ಅವ್ವನ ಹತ್ರ ಮಾತಾಡ್ತೀನಿ" ಎಂದರು. ಅವರ ಮುಖ ನೋಡಿ ನನಗೆ ಧೈರ್ಯ ಬಂತು. ನಾವು ಮಡಿವಾಳರು, ನಮ್ಮ ಅಜ್ಜಿ ಊರ ಬಟ್ಟೆ ಒಗೆದವಳು ಎಂದೆ. ಅವರು ನೆಲ ನೋಡಿದರು. ಮೊದಲೇ ಹೇಳಬೇಕಿತ್ತು ಎಂದರು. ಸಕಲೇಶಪುರದ ಬಸ್ಸು ಬಂತು, ಹತ್ತಿದರು. ಕಿಟಕಿಯ ಹತ್ತಿರ ಜಾಗ ಸಿಕ್ಕಿತ್ತು, ಆದರೂ ಈ ಕಡೆ ತಿರುಗಲಿಲ್ಲ.

ನಾನು ಇನ್ನೊಂದು ಮಾತು ಹೇಳಿದ್ದರೆ ಅವರು ಬಸ್ಸಿನಿಂದ ಇಳಿಯುತ್ತಿದ್ದರೋ ಏನೋ. ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅದು ನೀವು ನಿಮ್ಮ ಮಗನಿಗೆ ಹೇಳಬೇಕಾದ ಮಾತು.

ಸೀರೆಯನ್ನು ಪಾರ್ಸಲ್ ಮಾಡಿದ್ದೇನೆ. ನೀವು ಹೆಸರು ಹಾಕಲಿಲ್ಲ. ನಾನು ಹಾಕುತ್ತಿದ್ದೇನೆ.

ಬಾಣಾವರದ ಮಡಿವಾಳರ ನಂಜಮ್ಮನ ಮೊಮ್ಮಗಳು,
ನೇತ್ರಾವತಿ